ಕಾರು ಕಲಿಯುವುದು: ಸಿಮ್ಯುಲೇಟರ್ ಎಲ್ಲಿವರೆಗೆ, ರಸ್ತೆ ಎಲ್ಲಿಂದ?

ತುಮಕೂರಿನಲ್ಲಿ ಕಾರು ಕಲಿಯಲು ಹೊರಟವರು ಮೊದಲೆಲ್ಲ ಯಾವ ಸ್ಕೂಲ್ ಚೆನ್ನಾಗಿದೆ, ಯಾವ ಗಾಡಿ ಕೊಡ್ತಾರೆ ಅಂತ ಕೇಳುತ್ತಿದ್ದರು. ಈಗ ಸಿಮ್ಯುಲೇಟರ್, ಅಂದರೆ ಪರದೆ ಮುಂದೆ ಕೂತು ಸ್ಟೀರಿಂಗ್, ಪೆಡಲ್ ಹಿಡಿದು ಓಡಿಸಿ ಕಲಿಯುವ ಯಂತ್ರ, ಇದೆಯಾ ಅಂತಲೂ ಕೇಳುತ್ತಾರೆ. ಮನೆಯಲ್ಲಿ ಕಾಲೇಜು ಹುಡುಗರಿದ್ದರೆ ಇನ್ನೊಂದು ಮಾತು ಗ್ಯಾರಂಟಿ: "ಕಂಪ್ಯೂಟರಿಗೆ ಸ್ಟೀರಿಂಗ್ ಹಾಕ್ಕೊಂಡು ಮನೇಲೇ ಕಲಿತುಬಿಡ್ತೀನಿ ಅಪ್ಪಾ, ಸ್ಕೂಲಿಗೆ ಯಾಕೆ ದುಡ್ಡು ಸುರೀಬೇಕು?"

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಿಮ್ಯುಲೇಟರ್ ಕೆಲಸಕ್ಕೆ ಬರುತ್ತದೆ. ಕ್ಲಚ್ಚು, ಗೇರು, ಇಂಡಿಕೇಟರ್, ಕನ್ನಡಿ ಇವುಗಳನ್ನು ಯೋಚಿಸದೆ ಮಾಡುವ ಹಾಗೆ ಕೈಕಾಲು ಪಳಗಿಸುವುದು ಅದರ ಮುಖ್ಯ ಕೆಲಸ. ಅಷ್ಟಾದರೆ ರಸ್ತೆಗೆ ಇಳಿದಾಗ ತಲೆಯೆಲ್ಲ ಗೇರಿನ ಮೇಲಿರುವುದಿಲ್ಲ, ಎದುರಿನವರ ಮೇಲಿರುತ್ತದೆ. ಎದುರಿನವರು ಮುಂದೇನು ಮಾಡುತ್ತಾರೆ ಎಂಬ ಅಂದಾಜನ್ನು ಮಾತ್ರ ರಸ್ತೆಯಲ್ಲೇ ಕಲಿಯಬೇಕು. ಇನ್ನೊಂದು ವಿಷಯ, ಮೊದಲು ಸಿಮ್ಯುಲೇಟರ್, ಆಮೇಲೆ ಕಾರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನು ಹೇಳುವ ಕ್ರಮ ಬೇರೆ. ಮೊದಲು ಸ್ವಲ್ಪ ಕಾರು, ಆಮೇಲೆ ಸಿಮ್ಯುಲೇಟರ್, ಆಮೇಲೆ ರಸ್ತೆ. ಎಲ್ಲಾದರೂ ಎಡವಿದರೆ ಮತ್ತೆ ಎರಡು ದಿನ ಸಿಮ್ಯುಲೇಟರ್. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಎಲ್‌ಎಲ್‌ಆರ್

ಪರದೆ ಮುಂದೆ ಕೂರಲು ಲೈಸೆನ್ಸ್ ಬೇಡ. ಕಾರನ್ನು ಬೀದಿಗೆ ಇಳಿಸಲು ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಬೇಕೇ ಬೇಕು. ಪರಿವಾಹನ್ ವೆಬ್‌ಸೈಟಿನ ಸಾರಥಿ ವಿಭಾಗದಲ್ಲಿ ಅರ್ಜಿ ಹಾಕಬಹುದು. ಕಾರಿಗೆ 18 ವರ್ಷ ತುಂಬಿರಬೇಕು. ಕೇಂದ್ರದ ಮೋಟಾರು ವಾಹನ ನಿಯಮದಲ್ಲಿ ಎಲ್‌ಎಲ್‌ಆರ್‌ಗೆ 150 ರೂಪಾಯಿ, ಅದರ ಪರೀಕ್ಷೆಗೆ 50 ರೂಪಾಯಿ ಅಂತ ಇದೆ. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. ಕೈಗೆ ಬಂದು 30 ದಿನ ಆದ ಮೇಲೆ ಡಿಎಲ್ (ಪೂರ್ಣ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು. ಮಧುಗಿರಿ, ತಿಪಟೂರು ಕಡೆಯವರಿಗೆ ಅಲ್ಲೇ ಆರ್‌ಟಿಒ ಕಚೇರಿ ಇದೆ, ತುಮಕೂರಿಗೆ ಬರಬೇಕಿಲ್ಲ.

ಎಲ್‌ಎಲ್‌ಆರ್ ಸಿಕ್ಕಿತು ಅಂತ ಒಬ್ಬರೇ ಕಾರು ತೆಗೆದುಕೊಂಡು ಹೋಗುವ ಹಾಗಿಲ್ಲ. ಡಿಎಲ್ ಇರುವವರು ಪಕ್ಕದಲ್ಲಿ, ಬೇಕಾದಾಗ ಗಾಡಿ ನಿಲ್ಲಿಸಲು ಆಗುವ ಹಾಗೆ ಕೂತಿರಬೇಕು. ಮುಂದೆ, ಹಿಂದೆ ಎರಡೂ ಕಡೆ ಬಿಳಿ ಹಲಗೆ ಮೇಲೆ ಕೆಂಪು 'ಎಲ್' ಇರಬೇಕು. ಹಲಗೆ ಕನಿಷ್ಠ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ. ಸ್ಟೇಷನರಿ ಅಂಗಡಿಯ ಪುಟ್ಟ ಸ್ಟಿಕ್ಕರ್ ಈ ಲೆಕ್ಕಕ್ಕೆ ಬರುವುದಿಲ್ಲ.

ಇದು ಬರೀ ಪೊಲೀಸರ ದಂಡದ ವಿಷಯ ಅಲ್ಲ. ನಿಮ್ಮ ಕಾರಿನ ಇನ್ಶೂರೆನ್ಸ್ ಪಾಲಿಸಿ ತೆಗೆದು, ಯಾರು ಓಡಿಸಬಹುದು ಎಂಬ ಭಾಗ ಓದಿ. ಎಲ್‌ಎಲ್‌ಆರ್ ಇರುವವರೂ ಓಡಿಸಬಹುದು, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು ಅಂತ ಅಲ್ಲಿ ಇರುತ್ತದೆ. ಆ 3ನೇ ನಿಯಮವೇ ಈ ಎಲ್ ಬೋರ್ಡು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಅನ್ನುವುದು. ಬೋರ್ಡ್ ಇಲ್ಲದೆ ಯಾರ ಗಾಡಿಗಾದರೂ ತಾಗಿಸಿದರೆ ಕ್ಲೇಮು ಕೊಡುವುದಿಲ್ಲ ಅನ್ನಲು ಕಂಪನಿಗೆ ದಾರಿ ಸಿಕ್ಕಂತೆ. ಇನ್ನು 16 ವರ್ಷದ ಮಗನಿಗೆ ಲೇಔಟಿನಲ್ಲಿ ಒಂದು ರೌಂಡ್ ಕೊಡುವ ಅಪ್ಪಂದಿರು ನಮ್ಮಲ್ಲಿ ಕಡಿಮೆ ಇಲ್ಲ. ಸಿಕ್ಕಿಬಿದ್ದರೆ ದಂಡ 25,000 ರೂಪಾಯಿ, ಜೊತೆಗೆ ಜೈಲಿಗೂ ಅವಕಾಶ ಇದೆ. ಆ ವಯಸ್ಸಿನವರನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ, ಪರವಾಗಿಲ್ಲ.

ಸ್ಕೂಲಿಗೆ ಸೇರುವ ಮುಂಚೆ ಕೇಳಬೇಕಾದ್ದು

ಸಿಮ್ಯುಲೇಟರ್ ಇದೆ ಅಂದ ಕೂಡಲೇ ದುಡ್ಡು ಕಟ್ಟಬೇಡಿ. ಒಮ್ಮೆ ಒಳಗೆ ಹೋಗಿ ಕೂತು ನೋಡಿ. ಸ್ಟೀರಿಂಗ್ ಬಲಕ್ಕೆ, ಗೇರು ಎಡಗೈಗೆ ಇದೆಯಾ? ಮೂರು ಪೆಡಲ್ ಇದೆಯಾ? ಕ್ಲಚ್ ಒತ್ತಿದರೆ ಕಾಲಿಗೆ ಸ್ವಲ್ಪ ಭಾರ ಸಿಗುತ್ತದೆಯಾ, ಇಲ್ಲ ಸ್ಪಂಜಿನ ಹಾಗಿದೆಯಾ? ಎದುರಿಗೆ ಮಾತ್ರ ಪರದೆಯೋ, ಎಡಬಲಕ್ಕೂ ಇದೆಯೋ? ಒಂದೇ ಪರದೆ ಇದ್ದರೆ ಪಕ್ಕಕ್ಕೆ ತಿರುಗಿ ನೋಡುವ ಅಭ್ಯಾಸ ಬರುವುದಿಲ್ಲ. ಕೆಟ್ಟು ನಿಂತು ಬಟ್ಟೆ ಮುಚ್ಚಿಸಿಕೊಂಡ ಸಿಮ್ಯುಲೇಟರೂ ಬೋರ್ಡಿನಲ್ಲಿ 'ಇದೆ' ಅಂತಲೇ ಇರುತ್ತದೆ. ಆನ್ ಮಾಡಿ ತೋರಿಸಲು ಹೇಳಿ.

ಅದಕ್ಕಿಂತ ಮುಖ್ಯ, ನಿಜವಾದ ಗಾಡಿಯ ಲೆಕ್ಕ. ಕಾರು ಕಲಿಸುವ ಸ್ಕೂಲು ಕನಿಷ್ಠ 21 ದಿನದ ತರಬೇತಿ ಕೊಡಬೇಕು, ಅದರಲ್ಲಿ ಕನಿಷ್ಠ 10 ಗಂಟೆ ನೀವೇ ಸ್ಟೀರಿಂಗ್ ಹಿಡಿದಿರಬೇಕು ಅಂತ ನಿಯಮ. ನೀವು ಎಷ್ಟು ಹೊತ್ತು ಓಡಿಸಿದಿರಿ ಅಂತ ಬರೆದಿಡಲು ಫಾರಂ 15 ಅನ್ನುವ ರಿಜಿಸ್ಟರ್ ಇರುತ್ತದೆ. ಅದನ್ನು ತೋರಿಸಲು ಕೇಳಿ. ಒಂದೇ ಕಾರಿಗೆ ನಾಲ್ಕು ಜನರನ್ನು ತುಂಬಿಕೊಂಡು ಹೋಗಿ, ತಲಾ ಹತ್ತು ನಿಮಿಷ ಕೊಟ್ಟು, ಒಂದು ಗಂಟೆ ಕ್ಲಾಸು ಅಂತ ಬರೆದರೆ ಸುಮ್ಮನಿರಬೇಡಿ. ಪರದೆ ಮುಂದೆ ಕೂತ ಹೊತ್ತನ್ನು ಆ 10 ಗಂಟೆಗೆ ಸೇರಿಸಲು ಬಂದರೂ ಒಪ್ಪಬೇಡಿ. ಗಾಡಿಯಲ್ಲಿ ಇನ್‌ಸ್ಟ್ರಕ್ಟರ್ ಕಡೆಗೂ ಕ್ಲಚ್, ಬ್ರೇಕ್ ಇರಲೇಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಆರ್‌ಟಿಒ ಟೆಸ್ಟೇ ಬೇಡ, ಡ್ರೈವಿಂಗ್ ಸ್ಕೂಲಿನವರೇ ಲೈಸೆನ್ಸ್ ಕೊಡ್ತಾರೆ ಅಂತ 2024ರ ಜೂನ್ ಹೊತ್ತಿಗೆ ವಾಟ್ಸಾಪ್‌ನಲ್ಲಿ ಓಡಾಡಿತಲ್ಲ, ಅದು ಪೂರ್ತಿ ನಿಜವಲ್ಲ. ನಿಯಮದಲ್ಲಿ ಯಾವ ಬದಲಾವಣೆಯೂ ಇಲ್ಲ ಅಂತ ಕೇಂದ್ರ ಸಾರಿಗೆ ಸಚಿವಾಲಯ ಆಗಲೇ ಹೇಳಿತ್ತು. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರ ಅಂತ ಬೇರೆಯದೇ ಒಂದು ವ್ಯವಸ್ಥೆ 2021ರ ಜುಲೈನಿಂದ ಇದೆ. ಅಲ್ಲಿ ಸಿಮ್ಯುಲೇಟರ್ ಕಡ್ಡಾಯ, ಸ್ವಂತ ಟೆಸ್ಟ್ ಟ್ರ್ಯಾಕ್ ಕಡ್ಡಾಯ. ಕಾರಿನ ಕೋರ್ಸ್ 29 ಗಂಟೆ, ಅದರಲ್ಲಿ 8 ಗಂಟೆ ಪಾಠ, 21 ಗಂಟೆ ಪ್ರಾಕ್ಟಿಕಲ್. ಅಲ್ಲಿ ಪಾಸಾದವರಿಗೆ ಮಾತ್ರ ಆರ್‌ಟಿಒ ಡ್ರೈವಿಂಗ್ ಟೆಸ್ಟಿನಿಂದ ವಿನಾಯಿತಿ. ಗಲ್ಲಿಯ ಸ್ಕೂಲಿನಲ್ಲಿ ಒಂದು ಸಿಮ್ಯುಲೇಟರ್ ಇಟ್ಟ ಮಾತ್ರಕ್ಕೆ ಅದು ಆ ಸಾಲಿಗೆ ಸೇರುವುದಿಲ್ಲ.

ನಿಂತ ಕಾರಿನಲ್ಲಿ ಮೊದಲ ಪಾಠ

ಇಂಜಿನ್ ಆಫ್ ಇರಲಿ. ಸೀಟು ಮುಂದೆ ಎಳೆದುಕೊಳ್ಳಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಎತ್ತರ ಕಡಿಮೆ ಇರುವವರು ಬೆನ್ನು ಬಿಟ್ಟು ತುದಿಗೆ ಕೂರುತ್ತಾರೆ, ಹಾಗೆ ಮಾಡಬೇಡಿ. ಬೆನ್ನಿಗೆ ಗಟ್ಟಿ ದಿಂಬು ಹಾಕಿಕೊಳ್ಳಿ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ಹೊರಗಿನ ಕನ್ನಡಿಗಳಲ್ಲಿ ನಿಮ್ಮ ಕಾರಿನ ಮೈ ಚೂರೇ ಚೂರು ಕಂಡರೆ ಸಾಕು. ನಮ್ಮೂರಿನಲ್ಲಿ ಎಡಗಡೆ ಕನ್ನಡಿ ಮಡಚಿಟ್ಟುಕೊಂಡೇ ಓಡಿಸುವವರು ಬೇಕಾದಷ್ಟು ಜನ. ಅವರಿಂದ ಆ ಪಾಠ ಕಲಿಯಬೇಡಿ. ಎಡಗಡೆಯಿಂದ ನುಗ್ಗುವ ಬೈಕು ಕಾಣುವುದು ಅಲ್ಲೇ.

ಇದೆಲ್ಲ ಒಂದು ದಿನದ ಕೆಲಸ.

ಹಾಫ್ ಕ್ಲಚ್: ಇದು ಕಾರಿನಲ್ಲೇ ಆಗಬೇಕು

ಬೆಳಗ್ಗೆ ಆರರ ಹೊತ್ತಿಗೆ ಮನೆಗಳಿನ್ನೂ ಎದ್ದಿಲ್ಲದ ಹೊಸ ಲೇಔಟ್ ಹುಡುಕಿ. ತುಮಕೂರಿನ ಸುತ್ತ ಇದಕ್ಕೆ ಬರವಿಲ್ಲ. ರಸ್ತೆ ಹಾಕಿ, ಕಲ್ಲು ನೆಟ್ಟು, ಸೈಟುಗಳಲ್ಲಿ ಬರೀ ಪಾರ್ಥೇನಿಯಂ ಬೆಳೆದ ಜಾಗಗಳು ನಾಲ್ಕೂ ದಿಕ್ಕಿಗೆ ಇವೆ. ರಸ್ತೆ ಸಮ ಇರಬೇಕು, ಪಕ್ಕದಲ್ಲಿ ಚರಂಡಿ ತೆರೆದಿರಬಾರದು.

ಇಂಜಿನ್ ಆನ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಫಸ್ಟ್ ಗೇರ್ ಹಾಕಿ. ಆಕ್ಸಿಲರೇಟರ್ ಮುಟ್ಟಬೇಡಿ. ಈಗ ಕ್ಲಚ್ಚನ್ನು ತುಂಬಾ ನಿಧಾನಕ್ಕೆ ಬಿಡುತ್ತಾ ಬನ್ನಿ. ಹಿಮ್ಮಡಿ ನೆಲಕ್ಕೆ ಊರಿರಲಿ, ಪಾದದ ಮುಂಭಾಗ ಮಾತ್ರ ಮೇಲೆ ಬರಲಿ. ಒಂದು ಹಂತಕ್ಕೆ ಬಂದಾಗ ಮೂರು ವಿಷಯ ಒಟ್ಟಿಗೆ ಆಗುತ್ತವೆ. ಇಂಜಿನ್ ಸದ್ದು ದಪ್ಪಗಾಗುತ್ತದೆ, ಸ್ಟೀರಿಂಗಿನಲ್ಲಿ ನಡುಕ ಬರುತ್ತದೆ, ಬಾನೆಟ್ಟಿನ ಮೂತಿ ಒಂಚೂರು ಮೇಲೆದ್ದಂತೆ ಕಾಣುತ್ತದೆ. ಅಲ್ಲೇ ಕಾಲು ನಿಲ್ಲಿಸಿ. ಅದೇ ಹಾಫ್ ಕ್ಲಚ್. ಗಾಡಿ ತಾನಾಗಿ ತೆವಳಲು ಶುರು ಮಾಡುತ್ತದೆ. ಮತ್ತೆ ಒತ್ತಿ, ಬ್ರೇಕ್ ಹಾಕಿ, ನಿಲ್ಲಿಸಿ. ಮತ್ತೆ ಬಿಡಿ. ಇಡೀ ಬೆಳಗ್ಗೆ ಇದನ್ನೇ ಮಾಡಿ. ಗಾಡಿ ಆಫ್ ಆಗುತ್ತದೆ, ಆಗಲಿ. ಪಕ್ಕದಲ್ಲಿ ಕೂತ ಮಾವನೋ ಅಣ್ಣನೋ "ಅಯ್ಯೋ, ಕ್ಲಚ್ ಪ್ಲೇಟ್ ಹೋಯ್ತು" ಅಂತ ತಲೆ ಚಚ್ಚಿಕೊಂಡರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಕಲಿಯುವವರ ಪಕ್ಕ ಕೂರಲು ಎಲ್ಲರಿಗೂ ಬರುವುದಿಲ್ಲ.

ಇದನ್ನು ಸಿಮ್ಯುಲೇಟರಿಗಿಂತ ಮೊದಲೇ ಮಾಡಿ ಅನ್ನಲು ಕಾರಣ ಇಷ್ಟೇ. ಸಾಮಾನ್ಯ ಸಿಮ್ಯುಲೇಟರಿನ ಕ್ಲಚ್ಚಿನಲ್ಲಿ ಸ್ಪ್ರಿಂಗ್ ಇರುತ್ತದೆ, ಆದರೆ ಸೀಟಿನ ನಡುಕ, ಮೂತಿ ಏಳುವುದು ಇಲ್ಲ. ಪರದೆಯಲ್ಲಿ ಗಾಡಿ ಮುಂದೆ ಹೋಯಿತು ಅಂತ ಕಣ್ಣಿಗೆ ಗೊತ್ತಾಗುತ್ತದೆ, ಕಾಲಿಗೆ ಗೊತ್ತಾಗುವುದಿಲ್ಲ. ಕಣ್ಣಲ್ಲಿ ನೋಡಿ ಕ್ಲಚ್ ಬಿಡುವ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಕಾರಿನಲ್ಲಿ ಒಮ್ಮೆ ಕಾಲಿಗೆ ಗುರುತು ಸಿಕ್ಕಿದ್ದರೆ ಆಮೇಲೆ ಸಿಮ್ಯುಲೇಟರಿನಲ್ಲಿ ಕೂತಾಗ ಕಾಲು ಆ ಗುರುತಿನ ಮೇಲೇ ಕೆಲಸ ಮಾಡುತ್ತದೆ.

ಆಟೋಮ್ಯಾಟಿಕ್ ಕಾರು ಮಾತ್ರ ಓಡಿಸುವವರು ಈ ಭಾಗ ಬಿಟ್ಟುಬಿಡಿ. ನಿಮಗೆ ಸಿಮ್ಯುಲೇಟರಿನ ಅಗತ್ಯವೂ ಅರ್ಧಕ್ಕರ್ಧ ಕಡಿಮೆ.

ಈಗ ಸಿಮ್ಯುಲೇಟರ್

ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಕಣ್ಣು ಗಾಡಿ ಓಡುತ್ತಿದೆ ಅನ್ನುತ್ತದೆ, ಕಿವಿಯೊಳಗಿನ ಸಮತೋಲನದ ಭಾಗ ಇಲ್ಲ ನಿಂತಿದೆ ಅನ್ನುತ್ತದೆ. ಈ ಜಗಳದಲ್ಲಿ ಕೆಲವರಿಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಬಂದರೆ ನಿಲ್ಲಿಸಿ, ಸಹಿಸಿಕೊಂಡು ಕೂರಬೇಡಿ. ತಲೆ ಸುತ್ತು ಪೂರ್ತಿ ಇಳಿಯುವವರೆಗೆ ಸ್ಕೂಟರ್ ಹತ್ತಿ ಮನೆಗೂ ಹೊರಡಬೇಡಿ.

ಆಟ ಆಡಲು ಕೂರಬೇಡಿ, ಒಂದು ದಿನಕ್ಕೆ ಒಂದೇ ವಿಷಯ ಇಟ್ಟುಕೊಳ್ಳಿ. ಮೊದಲ ದಿನ ಗೇರ್ ಕಡೆ ನೋಡದೆ ಒಂದರಿಂದ ನಾಲ್ಕಕ್ಕೆ ಹೋಗಿ, ನಾಲ್ಕರಿಂದ ಎರಡಕ್ಕೆ ಬನ್ನಿ. ಹೊಸಬರಿಗೆ ಗೇರ್ ಏರಿಸುವುದು ಬೇಗ ಬರುತ್ತದೆ, ಇಳಿಸುವುದು ಬರುವುದಿಲ್ಲ. ಹಂಪ್ ಬಂದರೆ, ತಿರುವು ಬಂದರೆ ನಾಲ್ಕನೇ ಗೇರಿನಲ್ಲೇ ಕ್ಲಚ್ ಒತ್ತಿಕೊಂಡು ಉರುಳಿಸುತ್ತಾರೆ. ಅದಕ್ಕೇ ಇಳಿಸುವುದನ್ನೇ ಜಾಸ್ತಿ ಮಾಡಿ. ಇನ್ನೊಂದು ದಿನ ಕನ್ನಡಿ, ಇಂಡಿಕೇಟರ್, ಮತ್ತೆ ಕನ್ನಡಿ, ಆಮೇಲೆ ಸ್ಟೀರಿಂಗ್ ಅನ್ನುವ ಕ್ರಮ. ಬಾಯಲ್ಲಿ ಹೇಳಿಕೊಂಡೇ ಮಾಡಿ, ನಾಚಿಕೆ ಬೇಡ. ಮತ್ತೊಂದು ದಿನ ರಾತ್ರಿ ಮತ್ತು ಮಂಜಿನ ಪಾಠ. ಡಿಮ್ ಡಿಪ್ ಯಾವ ಕಡ್ಡಿ, ವೈಪರ್ ಯಾವ ಕಡ್ಡಿ ಅಂತ ಕೈಗೆ ಗೊತ್ತಾಗಲಿ. ಆದರೆ ಸಿಮ್ಯುಲೇಟರಿನ ಕಡ್ಡಿ ನೀವು ಓಡಿಸುವ ಕಾರಿನದಕ್ಕೆ ಉಲ್ಟಾ ಇರಬಹುದು. ಇಂಡಿಕೇಟರ್ ಬಲಗೈಗೋ ಎಡಗೈಗೋ ಅಂತ ಮೊದಲೇ ನೋಡಿಕೊಳ್ಳಿ.

ಸಿಮ್ಯುಲೇಟರಿನ ಇನ್ನೊಂದು ಉಪಯೋಗ ಎದುರಿನ ಗಾಡಿ ಇದ್ದಕ್ಕಿದ್ದಂತೆ ನಿಂತಾಗ, ಮಗು ರಸ್ತೆಗೆ ಓಡಿ ಬಂದಾಗ ಏನು ಮಾಡಬೇಕು ಅನ್ನುವುದರಲ್ಲಿದೆ. ಇದನ್ನು ರಸ್ತೆಯಲ್ಲಿ ಬೇಕು ಅಂತ ಮಾಡಿಸಲು ಆಗುವುದಿಲ್ಲ, ಪರದೆಯಲ್ಲಿ ಎಷ್ಟು ಸಲ ಬೇಕಾದರೂ ಆಗುತ್ತದೆ. ಬ್ರಿಟನ್ನಿನಲ್ಲಿ 2002ರಿಂದ ಲೈಸೆನ್ಸ್ ಪರೀಕ್ಷೆಯಲ್ಲೇ ಇಂಥ ಒಂದು ಭಾಗ ಇದೆ. 14 ವಿಡಿಯೊ ತುಣುಕು ತೋರಿಸುತ್ತಾರೆ, ಅಪಾಯ ಶುರುವಾಗುವ ಸೂಚನೆ ಕಂಡ ಕೂಡಲೇ ಗುಂಡಿ ಒತ್ತಬೇಕು. ಬೇಗ ಒತ್ತಿದಷ್ಟು ಅಂಕ ಜಾಸ್ತಿ. ಇದಕ್ಕೆ ಪುಕ್ಕಟೆ ದಾರಿ ನಮ್ಮಲ್ಲೂ ಇದೆ. ಬೆಂಗಳೂರಿಗೆ ಹೋಗುವಾಗ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯಿರಿ. ಮೊಬೈಲ್ ಜೇಬಿನಲ್ಲಿಡಿ. ಡ್ರೈವರ್ ಬ್ರೇಕ್ ಮುಟ್ಟುವ ಮುಂಚೆ ನೀವು ಮನಸ್ಸಿನಲ್ಲಿ 'ಬ್ರೇಕ್' ಅನ್ನಿ. ಯಾವ ಸಲ ಅವರು ನಿಮಗಿಂತ ಮೊದಲು ಒತ್ತಿದರು, ನಿಮಗೆ ಕಾಣದ್ದು ಅವರಿಗೆ ಏನು ಕಂಡಿತು ಅಂತ ಹುಡುಕಿ. ಇದು ನಿಜವಾಗಿಯೂ ಉಪಯೋಗದ ಕೆಲಸ.

ಮನೆಯಲ್ಲಿ ಕಟ್ಟಿಕೊಳ್ಳುವ ಸಿಮ್ಯುಲೇಟರ್ ಬಗ್ಗೆ ಎರಡು ಮಾತು. ಲಾಜಿಟೆಕ್ ಜಿ29 ತರಹದ ಸ್ಟೀರಿಂಗ್ ಸೆಟ್ಟಿನಲ್ಲಿ ಕ್ಲಚ್ ಸೇರಿ ಮೂರು ಪೆಡಲ್ ಬರುತ್ತವೆ, ಆದರೆ ಗೇರ್ ಶಿಫ್ಟರನ್ನು ಬೇರೆಯಾಗಿ ಕೊಳ್ಳಬೇಕು. ಎರಡೂ ಸೇರಿದರೆ ಡ್ರೈವಿಂಗ್ ಸ್ಕೂಲಿನ ಫೀಸಿಗಿಂತ ಎಷ್ಟೋ ಜಾಸ್ತಿ. ಕಾರು ಕಲಿಯಲು ಅಂತಲೇ ಕೊಳ್ಳಬೇಡಿ. ಆಗಲೇ ಇದ್ದರೆ ಶಿಫ್ಟರನ್ನು ಮೇಜಿನ ಎಡಕ್ಕೆ ಬಿಗಿಯಿರಿ. ಗೇಮಿನಲ್ಲಿ ಎಡಬದಿ ಸಂಚಾರ, ಬಲಗಡೆ ಸ್ಟೀರಿಂಗ್ ಅಂತ ಸೆಟ್ ಮಾಡಿ. ಆ ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಸುತ್ತು ಅದಕ್ಕಿಂತ ಜಾಸ್ತಿ. ಹಾಗಾಗಿ ಯು ಟರ್ನ್ ಅಂದಾಜು ಮನೆಯಲ್ಲಿ ಕಲಿತದ್ದು ಬೀದಿಯಲ್ಲಿ ಸರಿ ಬರುವುದಿಲ್ಲ. ರೇಸಿಂಗ್ ಗೇಮಂತೂ ಹತ್ತಿರಕ್ಕೂ ಬೇಡ. ಅಲ್ಲಿ ಗೋಡೆಗೆ ತಾಗಿಸಿಕೊಂಡು ತಿರುಗಿದರೂ ಗೆಲ್ಲಬಹುದು.

ಪೈಲಟ್‌ಗಳೇ ಸಿಮ್ಯುಲೇಟರಿನಲ್ಲಿ ಕಲೀತಾರೆ ಅನ್ನುವ ವಾದ ಹೂಡುವ ಮಗ ಮನೆಯಲ್ಲಿದ್ದರೆ ಅವನಿಗೂ ಉತ್ತರ ಇದೆ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟದ ಅನುಭವ ಬೇಕು. ಅದರಲ್ಲಿ ಬಹುಪಾಲು ನಿಜವಾದ ವಿಮಾನದಲ್ಲೇ ಆಗಬೇಕು.

ಪರದೆ ಕಲಿಸದ ಎರಡು ಅಂದಾಜು

ಮೊದಲನೆಯದು ಗಾಡಿಯ ಅಗಲ. ಖಾಲಿ ಲೇಔಟಿಗೆ ಎರಡು ನೀರಿನ ಬಾಟಲಿ ತೆಗೆದುಕೊಂಡು ಹೋಗಿ. ಕಾರಿನ ಅಗಲಕ್ಕಿಂತ ಎರಡು ಅಡಿ ಜಾಸ್ತಿ ಅಂತರದಲ್ಲಿ ನಿಲ್ಲಿಸಿ, ನಡುವೆ ಹಾದುಹೋಗಿ. ಆಮೇಲೆ ಅಂತರ ಕಡಿಮೆ ಮಾಡುತ್ತಾ ಬನ್ನಿ. ಎಡಗಡೆ ಚಕ್ರವನ್ನು ನೆಲದ ಮೇಲಿನ ಒಂದು ಎಲೆ ಮೇಲೆ ಹಾಯಿಸಲು ಪ್ರಯತ್ನಿಸಿ. ಮೊದಮೊದಲು ಒಂದು ಮೊಳ ಆಚೆಗೆ ಹೋಗಿರುತ್ತದೆ. ಎಡಗಡೆ ಚಕ್ರ ಎಲ್ಲಿದೆ ಅಂತ ಕೂತಲ್ಲೇ ಗೊತ್ತಾಗುವವರೆಗೆ ಪೇಟೆಗೆ ಹೋಗಬೇಡಿ. ನಮ್ಮ ಪೇಟೆಗಳಲ್ಲಿ ಎಡಕ್ಕೆ ಚರಂಡಿ, ಬಲಕ್ಕೆ ಆಟೋ.

ಎರಡನೆಯದು ಬ್ರೇಕು. ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ಪಕ್ಕದಲ್ಲಿ ಕಲಿಸುವವರು ಇದ್ದಾಗ, 30ರ ವೇಗದಲ್ಲಿ ಹೋಗಿ ಬ್ರೇಕ್ ಜೋರಾಗಿ ಒತ್ತಿ ಹಿಡಿಯಿರಿ. ಹೊಟ್ಟೆಗೆ ಬೆಲ್ಟ್ ಬಿಗಿಯುವುದು, ಮುಂದಕ್ಕೆ ತೂರಿದಂತಾಗುವುದು, ಎಬಿಎಸ್ (ಜೋರು ಬ್ರೇಕಿನಲ್ಲೂ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೆಡಲ್ ಅಂಗಾಲಿಗೆ ಕಟಕಟ ಅಂತ ಒದೆಯುವುದು, ಇವು ಯಾವುವೂ ಸ್ಕೂಲಿನ ಸಿಮ್ಯುಲೇಟರಿನಲ್ಲಿ ಸಿಗುವುದಿಲ್ಲ. 2019ರ ಏಪ್ರಿಲ್ ನಂತರ ತಯಾರಾದ ಹೊಸ ಕಾರುಗಳಲ್ಲಿ ಎಬಿಎಸ್ ಇದ್ದೇ ಇರುತ್ತದೆ. ಆ ಕಟಕಟ ಮೊದಲ ಸಲ ಕೇಳಿದವರು ಏನೋ ಮುರಿಯಿತು ಅಂದುಕೊಂಡು ಕಾಲು ತೆಗೆದುಬಿಡುತ್ತಾರೆ. ತೆಗೆಯಬಾರದು. ನಿಜವಾದ ಅಪಾಯ ಬರುವ ಮುಂಚೆ ಆ ಒದೆತ ಕಾಲಿಗೆ ಪರಿಚಯ ಆಗಿರಲಿ.

ರಸ್ತೆಗಳನ್ನು ಒಂದೊಂದಾಗಿ ಏರುವುದು

ಲೇಔಟ್ ಆದ ಮೇಲೆ ಸೀದಾ ಟೌನ್‌ಹಾಲ್ ಸರ್ಕಲ್ಲಿಗೆ ನುಗ್ಗಬೇಡಿ. ಭಾನುವಾರ ಬೆಳಗ್ಗೆ ಹಿರೇಹಳ್ಳಿ ಅಥವಾ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಒಳರಸ್ತೆಗಳು ಒಳ್ಳೆಯವು. ಅಗಲ ಇವೆ, ತಿರುವುಗಳಿವೆ, ಲಾರಿ ಓಡಾಟ ಬೇರೆ ದಿನಕ್ಕಿಂತ ಕಡಿಮೆ. ಮೂರನೇ, ನಾಲ್ಕನೇ ಗೇರ್ ಅಲ್ಲಿ ಸಲೀಸಾಗಲಿ. ಅಲ್ಲಿಗೆ ಹೋಗಲು ಹೆದ್ದಾರಿ ಹಿಡಿಯಬೇಕಾದರೆ ಅಷ್ಟು ದೂರ ಕಲಿಸುವವರೇ ಓಡಿಸಲಿ.

ಆಮೇಲೆ ಬಿ.ಎಚ್. ರಸ್ತೆ. ಕ್ಯಾತ್ಸಂದ್ರದಿಂದ ಬಟವಾಡಿ, ಎಸ್‌ಐಟಿ ಕಾಲೇಜು ದಾಟಿ ಟೌನ್‌ಹಾಲ್‌ವರೆಗೆ ಬೆಳಗ್ಗೆ ಆರೂವರೆಗೆ ಒಮ್ಮೆ. ಅದೇ ದಾರಿ ಮಧ್ಯಾಹ್ನ ಇನ್ನೊಂದು ದಿನ. ಸಂಜೆ ಐದಕ್ಕೆ ಕೊನೆಗೆ. ಒಂದೇ ರಸ್ತೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಓಡಿಸುವುದು ದಿನಕ್ಕೊಂದು ಹೊಸ ರಸ್ತೆ ಹುಡುಕುವುದಕ್ಕಿಂತ ಒಳ್ಳೆಯದು. ರಸ್ತೆ ಗೊತ್ತಿರುವುದರಿಂದ ಬದಲಾದದ್ದು ಜನ ಮಾತ್ರ, ಗಮನ ಅವರ ಮೇಲೆ ಹೋಗುತ್ತದೆ.

ಅಲ್ಲಿ ಏನು ನೋಡಬೇಕು? ಆಟೋ ಮುಂದಿನ ಚಕ್ರ ನೋಡಿ, ಇಂಡಿಕೇಟರ್ ನೋಡಬೇಡಿ. ಚಕ್ರ ವಾಲಿದ ಕಡೆ ಆಟೋ ಬರುತ್ತದೆ. ನಿಂತ ಬಸ್ಸಿನ ಮುಂದಿನಿಂದ ಜನ ದಾಟುತ್ತಾರೆ, ಹಾಗಾಗಿ ಬಸ್ಸಿನ ಪಕ್ಕ ಹೋಗುವಾಗ ಕಾಲು ಬ್ರೇಕಿನ ಮೇಲಿರಲಿ. ರಸ್ತೆ ಪಕ್ಕ ನಿಂತ ಕಾರಿನೊಳಗೆ ತಲೆ ಕಂಡರೆ ಬಾಗಿಲು ತೆಗೆಯಬಹುದು ಅಂತ ಲೆಕ್ಕ ಹಾಕಿ. ಮೂರು ಜನ ಹತ್ತಿದ ಬೈಕಿನ ಹಿಂದೆ ಜಾಸ್ತಿ ಜಾಗ ಬಿಡಿ. ಅಜ್ಜಿಯೊಬ್ಬರು ಅರ್ಧ ರಸ್ತೆ ದಾಟಿ ನಿಂತು ನಿಮ್ಮನ್ನು ನೋಡಿದರೆ ಅವರು ಹಿಂದಕ್ಕೂ ಹೋಗಬಹುದು, ಮುಂದಕ್ಕೂ ಬರಬಹುದು. ಹಾರನ್ ಹೊಡೆದರೆ ಖಂಡಿತ ಗಾಬರಿಯಾಗುತ್ತಾರೆ. ನಿಂತುಬಿಡಿ. ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಅಂತ ನಿಯಮ ಇದೆ. ಸಿಮ್ಯುಲೇಟರಿನ ಗಾಡಿಗಳು ಅದನ್ನು ಚಾಚೂ ತಪ್ಪದೆ ಪಾಲಿಸುತ್ತವೆ. ನಮ್ಮ ಗಾಡಿಗಳು ಯಾರ ಮೂತಿ ಮೊದಲು ನುಗ್ಗಿತೋ ಅವರದೇ ಅನ್ನುತ್ತವೆ. ನೀವು ನಿಯಮ ಪಾಲಿಸಿ, ಆದರೆ ಎದುರಿನವರು ಪಾಲಿಸುತ್ತಾರೆ ಅಂತ ನಂಬಿಕೊಂಡು ಕಾಲು ಎತ್ತಬೇಡಿ.

ಊರಾಚೆ ಹೋದರೆ ಬೇರೆ ಪಾಠ. ಸುಗ್ಗಿಯ ಹೊತ್ತಿಗೆ ಹಳ್ಳಿ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ, ಗಾಡಿ ಚಕ್ರದಲ್ಲೇ ಒಕ್ಕಣೆ ಆಗಲಿ ಅಂತ. ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ ಅಂತ ಎಷ್ಟು ಹೇಳಿದರೂ ಕಣ ಮಾಡಲು ಜಾಗ ಇಲ್ಲದವರು ಇನ್ನೆಲ್ಲಿಗೆ ಹೋಗುತ್ತಾರೆ ಅನ್ನುವುದೂ ನಿಜವೇ. ಅದೇನೇ ಇರಲಿ, ಆ ಕಾಳಿನ ಮೇಲೆ ಬ್ರೇಕ್ ಹಿಡಿಯುವುದಿಲ್ಲ, ಚಕ್ರ ಜಾರುತ್ತದೆ. ಕಾಳು ಶುರುವಾಗುವ ಮುಂಚೆಯೇ ವೇಗ ಇಳಿಸಿ, ಎರಡನೇ ಗೇರಿಗೆ ಬನ್ನಿ. ಅದರ ಮೇಲೆ ಇರುವಾಗ ಜೋರು ಬ್ರೇಕೂ ಬೇಡ, ಸ್ಟೀರಿಂಗ್ ತಿರುಗಿಸುವುದೂ ಬೇಡ. ಹುರುಳಿ ಸೊಪ್ಪು ಇನ್ನೂ ಅಪಾಯ. ಅದರ ಬಳ್ಳಿ ಚಕ್ರಕ್ಕೆ, ಆಕ್ಸಲಿಗೆ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತಿಕೊಂಡು ಕಾರುಗಳು ಸುಟ್ಟುಹೋದ ಸುದ್ದಿ ನಮ್ಮ ಕಡೆ ಹೊಸದಲ್ಲ. ದಪ್ಪಗೆ ಹರಡಿದ್ದರೆ ಬೇರೆ ದಾರಿ ಹಿಡಿಯಿರಿ. ದಾರಿಯೇ ಇಲ್ಲದೆ ದಾಟಿದರೆ ಸ್ವಲ್ಪ ಮುಂದೆ ನಿಲ್ಲಿಸಿ, ಇಳಿದು, ಬಗ್ಗಿ ಕೆಳಗೆ ನೋಡಿ. ಸುತ್ತಿಕೊಂಡಿದ್ದರೆ ಇಂಜಿನ್ ಆಫ್ ಮಾಡಿ ಎಳೆದು ತೆಗೆಯಿರಿ. ಇಂಥ ಪಾಠ ಯಾವ ಸಾಫ್ಟ್‌ವೇರಿನಲ್ಲೂ ನಾನು ಕಂಡಿಲ್ಲ.

ಕುರಿ ಮಂದೆ ಬಂದರೆ ಹಾರನ್ ಬೇಡ. ನಿಲ್ಲಿಸಿ, ಅವು ಎರಡೂ ಕಡೆ ಹರಿದು ಹೋಗುತ್ತವೆ.

ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹೋಗುವುದು ಕೊನೆಗೆ. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ, 80ರಲ್ಲಿ 22 ಮೀಟರ್. ಪರದೆಯಲ್ಲಿ 80 ನಿಧಾನ ಅನ್ನಿಸುತ್ತದೆ, ಅದೇ ಮೋಸ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ಮುಟ್ಟಲು ಕನಿಷ್ಠ ಮೂರು ಸೆಕೆಂಡ್ ಆಗಬೇಕು. ಮಳೆ ಬಂದರೆ ಅದು ಡಬಲ್. ನೀವು ಬಿಟ್ಟ ಜಾಗಕ್ಕೆ ಇನ್ನೊಬ್ಬ ನುಗ್ಗುತ್ತಾನೆ, ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ. ಎಡಗಡೆಯೇ ಎದುರಿನಿಂದ ಬೈಕು ಬರಬಹುದು. ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೈಲರ್ ರಾತ್ರಿ ಹೊತ್ತು ಹತ್ತಿರ ಬರುವವರೆಗೆ ಕಾಣುವುದಿಲ್ಲ. ಅದಕ್ಕೇ ಡಿಎಲ್ ಸಿಕ್ಕಿ ಕೈ ಪಳಗುವವರೆಗೆ ರಾತ್ರಿ ಹೆದ್ದಾರಿ ಬೇಡ ಅನ್ನುತ್ತೇನೆ.

ದೇವರಾಯನದುರ್ಗ

ಏರಿನಲ್ಲಿ ಗಾಡಿ ನಿಲ್ಲಿಸಿ ಎತ್ತುವುದನ್ನು ಕಲಿಯಲು ನಮಗೆ ಈ ಬೆಟ್ಟದ ರಸ್ತೆಗಿಂತ ಒಳ್ಳೆಯ ಜಾಗ ಇಲ್ಲ. ವಾರದ ದಿನ ಬೆಳಗ್ಗೆ ಹೋಗಿ. ಶನಿವಾರ ಭಾನುವಾರ ಬೇಡ, ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ. ತಿರುವು ಇಲ್ಲದ, ಹಿಂದಿನಿಂದ ಬರುವವರಿಗೆ ದೂರದಿಂದಲೇ ನೀವು ಕಾಣುವ ಜಾಗ ನೋಡಿ ಎಡಕ್ಕೆ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಫಸ್ಟ್ ಗೇರ್, ಸ್ವಲ್ಪ ಆಕ್ಸಿಲರೇಟರ್, ಹಾಫ್ ಕ್ಲಚ್. ಮೂತಿ ಏಳುವುದು ಇಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಎದ್ದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಗಾಡಿ ಒಂದಿಂಚೂ ಹಿಂದೆ ಬರಬಾರದು. ಕಾಲು ನಡುಗಿದರೆ ಮತ್ತೆ ಹ್ಯಾಂಡ್ ಬ್ರೇಕ್ ಎಳೆದು ಒಂದು ನಿಮಿಷ ಕೂತುಕೊಳ್ಳಿ. ಕೋತಿಗಳಿಗೆ ತಿಂಡಿ ಕೊಡಲು ಗಾಜು ಇಳಿಸಬೇಡಿ.

ಇಳಿಯುವಾಗ, ಹತ್ತಲು ಯಾವ ಗೇರ್ ಬೇಕಾಗಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಬುದ್ಧಿವಂತಿಕೆ ಬೇಡ, ಬ್ರೇಕ್ ಕಾದು ಹಿಡಿತ ಹೋಗುತ್ತದೆ. ಕಿರಿದಾದ ಕಡೆ ಎದುರಿಗೆ ಗಾಡಿ ಬಂದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು.

ಟೆಸ್ಟ್ ದಿನ

ಡ್ರೈವಿಂಗ್ ಟೆಸ್ಟಿಗೆ 300, ಲೈಸೆನ್ಸಿಗೆ 200 ರೂಪಾಯಿ ಅಂತ ಕೇಂದ್ರದ ನಿಯಮ, ಮೇಲೆ ಕಾರ್ಡಿನ ಖರ್ಚು ಇರುತ್ತದೆ. ಬ್ರೇಕ್ ಇನ್‌ಸ್ಪೆಕ್ಟರ್ ನೋಡುವುದು ವೇಗವನ್ನಲ್ಲ. ಬೆಲ್ಟ್ ಹಾಕಿದಿರಾ, ಕನ್ನಡಿ ಸರಿ ಮಾಡಿಕೊಂಡಿರಾ, ಹೊರಡುವ ಮುಂಚೆ ಹಿಂದೆ ನೋಡಿದಿರಾ, ಇಂಡಿಕೇಟರ್ ಹಾಕಿದಿರಾ, ರಿವರ್ಸಿನಲ್ಲಿ ಎಚ್ (ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಗೆರೆಗಳ ನಡುವೆ ಓಡಿಸುವುದು) ಸರಿಯಾಗಿ ಹಾಕಿದಿರಾ. ಎಚ್ ಅಭ್ಯಾಸಕ್ಕೂ ಸಿಮ್ಯುಲೇಟರ್ ಅಷ್ಟಕ್ಕಷ್ಟೇ, ಕತ್ತು ತಿರುಗಿಸಿ ಹಿಂದೆ ನೋಡುವುದು ಅಲ್ಲಿ ಇಲ್ಲ. ಲೇಔಟಿನಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದುಕೊಂಡು ಮಾಡಿ. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು.

ಒಬ್ಬರೇ ಹೋಗಲು ರೆಡಿಯಾ ಅಂತ ನೋಡುವುದು

ಡಿಎಲ್ ಬಂದ ಮೇಲೂ ಕಲಿಸಿದವರನ್ನು ಒಂದೆರಡು ಸಲ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಂಜೆ ಐದಕ್ಕೆ ಬಿ.ಎಚ್. ರಸ್ತೆಯಲ್ಲಿ ಹೋಗುತ್ತಾ ಎದುರಿಗೆ ಕಾಣುವುದನ್ನೆಲ್ಲ ಬಾಯಲ್ಲಿ ಹೇಳಿ: "ಆಟೋ ನಿಲ್ಲಿಸ್ತಾನೆ, ಹುಡುಗಿ ದಾಟ್ತಾಳೆ, ಬಸ್ಸು ಹೊರಡ್ತಿದೆ, ಎಡಗಡೆ ಬೈಕು." ಮಾತು ನಿಲ್ಲದೆ ಗೇರು ತಾನಾಗಿ ಬೀಳುತ್ತಿದ್ದರೆ ನೀವು ಒಬ್ಬರೇ ಹೋಗಬಹುದು. ಗೇರ್ ಬದಲಿಸುವಾಗಲೆಲ್ಲ ಮಾತು ನಿಂತುಹೋಗುತ್ತಿದ್ದರೆ ಕೈಕಾಲು ಇನ್ನೂ ತಲೆಯನ್ನು ಕೇಳಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಆಗ ಇನ್ನೆರಡು ಸಂಜೆ ಸಿಮ್ಯುಲೇಟರಿನಲ್ಲಿ ಗೇರ್ ಇಳಿಸುವುದನ್ನೇ ಮಾಡಿ. ಮಾತಿಗೆ ತಡವರಿಸದೆ ಹೇಳುತ್ತಾ ಹೋದಿರಿ, ಆದರೆ ಪಕ್ಕದಲ್ಲಿದ್ದವರಿಗೆ ಕಂಡ ಬೈಕು ನಿಮಗೆ ಕಾಣಲಿಲ್ಲ ಅಂದರೆ ಸಿಮ್ಯುಲೇಟರಿನಿಂದ ಪ್ರಯೋಜನ ಇಲ್ಲ. ಅದೇ ರಸ್ತೆಗೆ ಅದೇ ಹೊತ್ತಿಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಹೋಗಿ.